ತಾರಸಿಯ ಮೇಲಿನ ಡಬ್ಬ

ಶನಿವಾರ, ಮಧ್ಯಾಹ್ನ

ನನ್ನ ಅಳಿಲಿಗೆ,

ಅಕ್ಕ ಮಾಡುವ ಆಶೀರ್ವಾದಗಳು. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ನಾನೂ ಹಾಗೆಯೇ ಬರೆಯುತ್ತೇನೆ, ನೀನು ಅರ್ಧ ನಂಬು. ನೀನು ಹೇಗಿದ್ದೀಯ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಪತ್ರ ಮುಗಿಯುವ ಹೊತ್ತಿಗೆ ಬಂದರೆ ಕೇಳುತ್ತೇನೆ.

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎಷ್ಟೋ ಸಲ ಶುರುಮಾಡಿ ಹರಿದು ಹಾಕಿದೆ. ಒಂದು ಸಲವಂತೂ ಅರ್ಧ ಬರೆದ ಹಾಳೆಯ ಹಿಂದೆ ಯಾರದೋ ಬ್ಲೌಸಿನ ಅಳತೆ ಗುರುತು ಹಾಕಿ ಅವರಿಗೇ ಕೊಟ್ಟುಬಿಟ್ಟೆ. ಎರಡು ಬೀದಿ ಆಚೆ ಇರುವ ತಮ್ಮನಿಗೆ ಪತ್ರ ಬರೆಯುವ ಅಕ್ಕ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಫೋನ್ ಮಾಡಿದರೆ "ಕಂಬದ ಮೇಲಿದ್ದೀನಿ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಬೆಳಿಗ್ಗೆ ಕಂಬ, ಸಂಜೆ ಕಂಬ, ಊಟದ ಹೊತ್ತಿಗೂ ಕಂಬ. ಅಷ್ಟು ಹೊತ್ತು ಅಲ್ಲಿರುವವನಿಗೆ ಅಲ್ಲೇ ಒಂದು ಹಾಸಿಗೆ ಹಾಸಿಕೊಡಬೇಕು.

ನಾವು ಕೇಬಲ್ ತೆಗೆಸಿದ್ದು ನಿನಗೆ ಗೊತ್ತು. ನೀನೇ ಬಂದು ಬಾಕ್ಸ್ ತೆಗೆದುಕೊಂಡು ಹೋದೆ. ಯಾಕೆ ತೆಗೆಸಿದಿರಿ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ನಡುವೆ ಹೊಸ್ತಿಲಿತ್ತು, ಒಳಗೆ ನಿನ್ನ ಭಾವ ಪೇಪರ್ ಹಿಡಿದು ಕೂತಿದ್ದರು. ಅವತ್ತು ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ಭಾವ ಕೆಲಸ ಮಾಡುವ ಕನ್ನಡಕದ ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಲ್ಲಿಸಿದ್ದಾರೆ. ಸ್ಟೋರ್‌ಕೀಪರನಿಗೆ ಅದು ನಿಂತರೆ ಸಂಬಳ ಹಲ್ಲಿಗೂ ಸಾಲದು, ನಾಲಿಗೆಗೂ ಸಾಲದು. ಅಂದಿನಿಂದ ಅವರಿಗೆ ಮನೆಯೂ ಒಂದು ಸ್ಟೋರೇ ಆಗಿದೆ. ರೂಮಿನಿಂದ ರೂಮಿಗೆ ಓಡಾಡಿ ಲೈಟ್ ಆರಿಸುತ್ತಾರೆ, ಚಾರ್ಜರ್ ಕೀಳುತ್ತಾರೆ. "ಖಾಲಿ ರೂಮಲ್ಲಿ ಫ್ಯಾನು ಯಾರಿಗೆ ಗಾಳಿ ಹಾಕ್ತಿದೆ?" ಎಂದು ಕೂಗುತ್ತಾರೆ. "ಗೋಡೆಗೆ ಸೆಕೆ ಆಗ್ತಿತ್ತಪ್ಪಾ" ಎನ್ನುತ್ತಾಳೆ ನನ್ನ ಮಗಳು. ಗಿಳಿ ಎಂದು ಅವಳಿಗೆ ಹೆಸರಿಟ್ಟವನು ನೀನೇ. ಈಗಲೂ ಆ ಹೆಸರಿಗೆ ಮೋಸ ಮಾಡಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಭಾವ, "ಕೇಬಲ್ ತೆಗೆಸಿಬಿಡೋಣ" ಅಂದರು.

ಬಡಿಸುತ್ತಿದ್ದ ನನ್ನ ಸೌಟು ಹಾಗೇ ನಿಂತಿತು. "ಯಾಕೆ?"

"ಇನ್ನೂರು ಚಾನೆಲ್ಲಿಗೆ ದುಡ್ಡು ಕೊಡ್ತೀವಿ, ನೋಡೋದು ಮೂರು. ಮಿಕ್ಕಿದ್ದನ್ನೆಲ್ಲಾ ನಾವ್ಯಾಕೆ ಸಾಕ್ಬೇಕು?"

"ಆ್ಯಂಟೆನಾ ಹಾಕಿದ್ರೆ ಕೆಲವು ಚಾನೆಲ್ ಫ್ರೀಯಾಗೇ ಬರುತ್ತೆ" ಎಂದಳು ಗಿಳಿ. "ಬೇಕಾದ್ದನ್ನ ನೆಟ್‌ನಲ್ಲಿ ನೋಡ್ಬಹುದು. ಕಾಲು ಭಾಗ ಖರ್ಚಲ್ಲಿ ಆಗ್ಹೋಗುತ್ತೆ."

ನಾನು ಸರಿ ಅಂದೆ. ಇನ್ನೇನು ಅನ್ನಲಿ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಆ ಹುಡುಗಿಗೆ ದಿನವೂ ಬುದ್ಧಿ ಹೇಳುವವಳು ನಾನೇ. ಟೀವಿ ಹೋದರೆ ಹೋಗಲಿ. ತಿಂಗಳ ಮೊದಲ ವಾರ ಬಾಗಿಲಲ್ಲಿ ನಿಂತು "ಕೇಬಲ್!" ಎಂದು ಕೂಗುವವನು ಇನ್ನು ಬರುತ್ತಾನೋ ಇಲ್ಲವೋ? ನನಗಿದ್ದದ್ದು ಅದೊಂದೇ ಚಿಂತೆ, ಈಗಲೂ ಅದೇ.

ಯಾರೋ ಝಿಪ್ ಹಾಕಿಸಲು ಬಂದಿದ್ದಾರೆ. ಮತ್ತೆ ಕೂರುತ್ತೇನೆ.

ಭಾನುವಾರ, ಸಂಜೆ

ನಿನ್ನೆ ಬರೆದದ್ದನ್ನು ಓದಿಕೊಂಡೆ. ಬರೀ ಗೋಳಾಯಿತು. ಇವತ್ತು ನಗುವ ವಿಷಯ ಹೇಳುತ್ತೇನೆ ಕೇಳು.

ನೀನು ಬಾಕ್ಸ್ ತೆಗೆದುಕೊಂಡು ಹೋದ ವಾರವೇ ಆ್ಯಂಟೆನಾ ಬಂತು. ಮೀನಿನ ಮುಳ್ಳಿನ ಹಾಗಿದೆ. ಭಾವ ತಾರಸಿಯ ಮೇಲೆ ಅದನ್ನು ಹಿಡಿದು ನಿಂತರು, ಗಿಳಿ ಮೆಟ್ಟಿಲ ನಡುವೆ, ನಾನು ಟೀವಿಯ ಮುಂದೆ. ಅವರು ತಿರುಗಿಸಬೇಕು, ನಾನು ಕೂಗಬೇಕು, ಇವಳು ಮೇಲಕ್ಕೆ ಮುಟ್ಟಿಸಬೇಕು.

"ಬಂತಾ?"

"ಬಂತು!"

"ಈಗ?"

"ಹೋಯ್ತು!"

"ಯಾವ ಕಡೆ ತಿರುಗಿಸಿದಾಗ ಬಂತು?"

"ತಿರುಗಿಸಿದಾಗಲ್ಲ, ನೀವು ಕೆಮ್ಮಿದಾಗ ಬಂತು!"

ಭಾವ ಮತ್ತೆ ಕೆಮ್ಮಿ ನೋಡಿದರು. ಬರಲಿಲ್ಲ. ಬಿಸಿಲು ಇಳಿಯುವ ತನಕ ಇದೇ ನಾಟಕ. ನೀನಿದ್ದಿದ್ದರೆ ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಕೆಳಗಿಳಿದು ಬಂದು ಬೆವರು ಒರೆಸಿಕೊಳ್ಳುತ್ತಾ ಅವರು, "ಇದಕ್ಕೆಲ್ಲಾ ಅವನೇ..." ಅಂದವರು ಅಲ್ಲಿಗೇ ನಿಲ್ಲಿಸಿ ನೀರು ಕೇಳಿದರು. ನಾನು ನೀರು ಕೊಟ್ಟೆ.

ಕೊನೆಗೆ ಐದು ಚಾನೆಲ್ ಬಂತು. ಎರಡರಲ್ಲಿ ಸುದ್ದಿ, ಒಂದರಲ್ಲಿ ಹವಾಮಾನ. ಮಿಕ್ಕ ಎರಡರಲ್ಲಿ ಒಬ್ಬರು ಕೂತು ಇನ್ನೊಬ್ಬರನ್ನು ಪ್ರಶ್ನೆ ಕೇಳುತ್ತಾರೆ, ಉತ್ತರ ಬರುವ ಹೊತ್ತಿಗೆ ಚಿತ್ರ ಕೆಡುತ್ತದೆ.

ಆಮೇಲೆ ಟೀವಿಯಲ್ಲಿ ನೆಟ್ ತೋರಿಸುವ ಕಡ್ಡಿ ಬಂತು. ಕಾರ್ಖಾನೆಯ ಗೇಟಿನ ವಾಚ್‌ಮನ್ ಹೊಸದು ಕೊಂಡು ಹಳೆಯದನ್ನು ಭಾವನಿಗೆ ಕೊಟ್ಟನಂತೆ. ಬೆರಳುದ್ದ ಇದೆ, ಟೀವಿಯ ಬೆನ್ನಿಗೆ ಚುಚ್ಚಬೇಕು. ಖರ್ಚು ಕಡಿಮೆಯಾಗಲಿ ಎಂದು ಅವನದೂ ನಮ್ಮದೂ ಒಂದೇ ಅಕೌಂಟು. ಟೀವಿ ಹಾಕಿದ ಕೂಡಲೇ ಅದು "ಯಾರು ನೋಡುತ್ತಿದ್ದೀರಿ?" ಎಂದು ಕೇಳುತ್ತದೆ. ಮೊದಲ ದಿನ ಭಾವನಿಗೆ ಸಿಟ್ಟು ಬಂತು. "ದುಡ್ಡು ಕೊಟ್ಟೋನು ನೋಡ್ತಿದ್ದೀನಿ, ಹಾಕು" ಎಂದು ಟೀವಿಗೇ ಗದರಿದರು. ಗಿಳಿ ನಕ್ಕು ನಕ್ಕು ನೆಲದ ಮೇಲೆ ಕೂತಳು.

ಆದರೆ ಅಳಿಲೇ, ನನಗೆ ಇದು ಒಗ್ಗಲಿಲ್ಲ. ನಿನ್ನ ಕೇಬಲ್ ನಲ್ಲಿಯ ನೀರಿದ್ದ ಹಾಗೆ, ತಿರುಗಿಸಿದರೆ ಸುರಿಯುತ್ತಿತ್ತು. ಇದು ಬಾವಿಯ ನೀರು, ಬೇಕೆಂದಾಗಲೆಲ್ಲ ಸೇದಬೇಕು. ನಾನು ಟೀವಿಯನ್ನು ಕಣ್ಣಿಂದ ನೋಡಿದವಳೇ ಅಲ್ಲವಲ್ಲ. ಕಣ್ಣು ಸೂಜಿಯ ಮೇಲೆ, ಕಿವಿ ಧಾರಾವಾಹಿಯ ಮೇಲೆ. ಅಲ್ಲಿ ಅತ್ತೆ ಬೈದರೆ ಇಲ್ಲಿ ನನ್ನ ಮೆಷಿನ್ ಜೋರಾಗಿ ಓಡುತ್ತಿತ್ತು, ಸೊಸೆ ಅತ್ತರೆ ನಿಧಾನವಾಗುತ್ತಿತ್ತು. ಈಗ ಮನೆಯಲ್ಲಿ ಮೆಷಿನ್ನಿನ ಸದ್ದು ಬಿಟ್ಟರೆ ಗಡಿಯಾರದ ಸದ್ದು. ನಡುನಡುವೆ ಬಾಗಿಲಲ್ಲಿ ಏನೋ ಸದ್ದಾದ ಹಾಗಾಗಿ ಎದ್ದು ಹೋಗುತ್ತೇನೆ. ಯಾರೂ ಇರುವುದಿಲ್ಲ. ಮತ್ತೆ ಬಂದು ಕೂರುತ್ತೇನೆ, ಮತ್ತೆ ಏಳುತ್ತೇನೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಹೀಗೇ ಎದ್ದು ಕೂತು ಮಾಡುತ್ತಾ ಬ್ಯಾಂಕಿನ ಕ್ಯಾಷಿಯರ್ ಪ್ಯಾಂಟಿನ ಒಂದೇ ಕಾಲನ್ನು ಎರಡು ಸಲ ಗಿಡ್ಡ ಮಾಡಿಬಿಟ್ಟೆ. ಇನ್ನೊಂದು ಕಾಲನ್ನೂ ಅದಕ್ಕೆ ಸಮ ಮಾಡಿ ಕೊಟ್ಟೆ. ಪುಣ್ಯಾತ್ಮರು, "ಗಾಳಿ ಚೆನ್ನಾಗಿ ಆಡುತ್ತೆ ಬಿಡಮ್ಮಾ" ಎಂದು ಹಾಕಿಕೊಂಡು ಹೋದರು.

ನಗಿಸುತ್ತೇನೆ ಎಂದು ಕೂತು ಎಲ್ಲಿಗೆ ಬಂದೆ ನೋಡು.

ಮಂಗಳವಾರ

ಎರಡು ದಿನದಿಂದ ಒಂದು ವಿಷಯ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. ನಿನಗೆ ಗೊತ್ತಿರುವುದೇ, ಆದರೆ ಅಡುಗೆಮನೆಯೊಳಗೆ ಅದು ಹೇಗೆ ಕೇಳಿಸಿತು ಎಂಬುದು ನಿನಗೆ ಗೊತ್ತಿಲ್ಲ.

ಮೂರು ವರ್ಷದ ಹಿಂದೆ ಭಾವನ ಮ್ಯಾನೇಜರ್ ನಮ್ಮ ಮನೆಗೆ ಊಟಕ್ಕೆ ಬಂದ ದಿನ. ದೊಡ್ಡ ಮ್ಯಾಚ್ ಇತ್ತು. ಸರಿಯಾಗಿ ಆಟ ರಂಗೇರುವ ಹೊತ್ತಿಗೆ ಚಿತ್ರ ಹೋಯಿತು. ಭಾವ ಮುಖ ಕಪ್ಪು ಮಾಡಿಕೊಂಡು ನಿನಗೆ ಫೋನ್ ಮಾಡಿದರು. ನೀನು ಎಲ್ಲೋ ಮಾಡುತ್ತಿದ್ದ ಕೆಲಸ ಬಿಟ್ಟು, ಹೆಗಲಿಗೆ ಏಣಿ, ತಲೆತುಂಬ ಧೂಳು, ಓಡಿ ಬಂದೆ. ಚಿತ್ರ ಬಂತು. ನಾನು ಒಳಗೆ ತಟ್ಟೆ ಜೋಡಿಸುತ್ತಿದ್ದೆ, ನಿನಗೂ ಒಂದು ಇಟ್ಟಿದ್ದೆ. ಮ್ಯಾನೇಜರ್ ಕೇಳಿದ್ದು ಕೇಳಿಸಿತು: "ಹುಡುಗ ಚುರುಕಾಗಿದಾನೆ. ಯಾರಿವನು?"

ತಟ್ಟೆ ಕೈಯಲ್ಲಿ ಹಿಡಿದು ಉತ್ತರಕ್ಕೆ ಕಾದೆ. ನನ್ನ ಭಾಮೈದ ಎನ್ನುತ್ತಾರೆ, ಮ್ಯಾನೇಜರ್ ಹೌದಾ ಎನ್ನುತ್ತಾನೆ, ನಾನು ಹೊರಗೆ ಹೋಗಿ ಚಿಕ್ಕಂದಿನಿಂದಲೂ ಇವನು ಹೀಗೇ, ಕಂಡದ್ದನ್ನೆಲ್ಲ ಹತ್ತುವವನು ಎಂದು ಹೇಳಿ ನಗಿಸಬೇಕು ಎಂದುಕೊಂಡಿದ್ದೆ.

"ನಮ್ಮ ಕೇಬಲ್ಲಿನವನು ಸಾರ್" ಎಂದರು ನಿನ್ನ ಭಾವ.

ನಾನು ಹೊರಗೆ ಬರುವಷ್ಟರಲ್ಲಿ ನೀನು ಏಣಿ ಎತ್ತಿಕೊಂಡಿದ್ದೆ. "ಊಟ ಮಾಡಿ ಹೋಗೋ" ಅಂದೆ. "ಕೇಬಲ್ಲಿನವನಿಗೆ ಊಟ ಯಾಕಕ್ಕಾ" ಎಂದು ನನಗಷ್ಟೇ ಕೇಳಿಸುವ ಹಾಗೆ ಹೇಳಿ ಹೊರಟುಹೋದೆ. ಅಲ್ಲಿಯ ತನಕ ಸೀದಾ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಿದ್ದವನು, ಮುಂದಿನ ತಿಂಗಳು ಹೊಸ್ತಿಲಾಚೆ ನಿಂತು "ಕೇಬಲ್!" ಎಂದು ಕೂಗಿದೆ. ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. ಅವತ್ತಿನಿಂದ ನೀನು ಕೇಬಲ್ಲಿನವನೇ ಆದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವ ಕೆಟ್ಟವರಲ್ಲ, ಅದು ನಿನಗೂ ಗೊತ್ತು. ಮ್ಯಾನೇಜರ್ ಮುಂದೆ ಏನೋ ದೊಡ್ಡವರಾಗಲು ಹೋಗಿ ತೀರಾ ಸಣ್ಣವರಾದರು. ಆಮೇಲೆ ತಪ್ಪಾಯ್ತು ಎನ್ನಬೇಕಿತ್ತು. ಆ ಸಾಮಾನು ಅವರ ಸ್ಟೋರಿನಲ್ಲಿ ಯಾವತ್ತೂ ಇದ್ದಿಲ್ಲ. ನೀನೇನು ಕಡಿಮೆಯೇ? ನಿನ್ನ ಹಟಕ್ಕೆ ಅಮ್ಮನೇ ಕೈಮುಗಿದವಳು.

ನಾನು ಸಿಕ್ಕಿದ್ದರಲ್ಲೇ ಸುಖಪಟ್ಟೆ. ತಿಂಗಳಿಗೊಂದು ಸಲ ನೀನು ಬರುತ್ತಿದ್ದೆ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ನಿಂತೇ ಟೀ ಕುಡಿಯುತ್ತಿದ್ದೆ. ನಾನು ಚಿಲ್ಲರೆ ಇಲ್ಲ ಎಂದು ಡಬ್ಬಿ ಹುಡುಕುತ್ತಿದ್ದೆ, ಕಪಾಟು ಹುಡುಕುತ್ತಿದ್ದೆ. ಅದೆಲ್ಲ ಸುಳ್ಳು ಕಣೋ. ಚಿಲ್ಲರೆ ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ನಾನು ಹುಡುಕಿದಷ್ಟು ಹೊತ್ತು ನೀನು ನಿಂತಿರುತ್ತೀಯಲ್ಲ ಎಂದು ಹುಡುಕುತ್ತಿದ್ದೆ.

ಗುರುವಾರ, ಬೆಳಿಗ್ಗೆ

ಈ ತಿಂಗಳ ಮೊದಲ ವಾರ ಬಂತು, ಹೋಯಿತು. ಬಾಗಿಲಿಗೆ ಕೊರಿಯರಿನವನು ಬಂದ, ಹಳೇ ಪೇಪರ್ ಕೊಳ್ಳುವವನು ಬಂದ, ನೀನು ಬರಲಿಲ್ಲ. ಬರಲು ನಿನಗೆ ಕಾರಣವೇ ಇಲ್ಲ ಎಂದು ಗೊತ್ತಿದ್ದೂ ವಾರವಿಡೀ ಟೀ ಪುಡಿ ಒಂದು ಚಮಚ ಹೆಚ್ಚು ಹಾಕಿದೆ.

ಈಗ ನಿನ್ನ ಡಬ್ಬದ ವಿಷಯ. ನೀನು ಅದಕ್ಕೇನೋ ದೊಡ್ಡ ಹೆಸರು ಹೇಳುತ್ತಿದ್ದೆ, ನಮಗೆ ಅದು ಮೊದಲಿನಿಂದ ಡಬ್ಬವೇ. ಈ ಬೀದಿಗೆ ಮೊದಲ ತಂತಿ ಎಳೆದದ್ದು ನಮ್ಮ ಮನೆಗೆ, ಡಬ್ಬ ಕೂರಿಸಿದ್ದೂ ನಮ್ಮ ತಾರಸಿಯ ಮೇಲೆ. ನಮ್ಮ ಮನೆಯ ಕರೆಂಟಿನಿಂದ ಅದು ನಡೆದರೆ ಬೀದಿಯ ಕೊನೆಯ ಮನೆಯ ತನಕ ಚಿತ್ರ ಹೋಗುತ್ತದೆ, ಅಲ್ಲವೇ? ಮೂರು ವರ್ಷದಿಂದ ನೀನು ಅದನ್ನು ನೋಡಲು ಹೊರಗಿನ ಕಬ್ಬಿಣದ ಮೆಟ್ಟಿಲಿಂದಲೇ ಹತ್ತಿ ಇಳಿಯುತ್ತೀಯ, ಒಳಗಿನ ಮೆಟ್ಟಿಲು ಮುಟ್ಟಿಲ್ಲ. ಆದರೂ ತಲೆಯ ಮೇಲೆ ನಿನ್ನ ಹೆಜ್ಜೆ ಸದ್ದು ಕೇಳಿದರೆ ನನಗೆ ಸಮಾಧಾನ.

ಕೇಬಲ್ ತೆಗೆಸಿದ ಮೇಲೆ ನನಗೆ ಹೊಸ ಹೆದರಿಕೆ ಶುರುವಾಯಿತು. ಮೊಬೈಲ್ ಚಾರ್ಜರ್ ತಿನ್ನುವ ಕರೆಂಟಿಗೂ ಲೆಕ್ಕ ಹಾಕುವ ಮನುಷ್ಯನಿಗೆ ತಾರಸಿಯ ಡಬ್ಬ ನೆನಪಾದರೆ? ಕಿತ್ತುಕೊಂಡು ಹೋಗು ಎಂದು ನಿನಗೆ ಹೇಳಿ ಕಳಿಸಿದರೆ? ನೀನಂತೂ ಕೇಳಿದ ಮರುಕ್ಷಣ ಕಿತ್ತು ಬೇರೆ ಮನೆಯ ಮೇಲೆ ಕೂರಿಸುತ್ತೀಯ. ಆಮೇಲೆ ನಿನ್ನ ಹೆಜ್ಜೆ ಸದ್ದೂ ಇಲ್ಲ.

ಅದಕ್ಕೆ ನಿನ್ನ ಅಕ್ಕ ಏನು ಮಾಡಿದಳು ಗೊತ್ತೇ? ಡಬ್ಬ ಭಾವನ ಕಣ್ಣಿಗೆ ಬೀಳದಿರಲಿ ಎಂದು ಅದರ ಮುಂದಿನ ಹಗ್ಗದ ಮೇಲೆ ಬಟ್ಟೆ ಒಣಹಾಕತೊಡಗಿದಳು. ದಿನಕ್ಕೊಂದು ಬೆಡ್‌ಶೀಟು. ಬೆಡ್‌ಶೀಟ್ ಮುಗಿದ ಮೇಲೆ ಪರದೆ, ಪರದೆ ಮುಗಿದ ಮೇಲೆ ಹೊದಿಕೆ. ಕೊಳೆಯಾಗದ್ದನ್ನೂ ಒಗೆದೆ. "ಅಮ್ಮಾ, ಈ ಬೆಡ್‌ಶೀಟಲ್ಲಿ ಇನ್ನೆರಡು ಒಗೆತ ಆದ್ರೆ ಆಚೆ ಕಡೆ ಕಾಣುತ್ತೆ" ಎಂದಳು ಗಿಳಿ. "ಸೋಪು ಧರ್ಮಕ್ಕೆ ಬರುತ್ತಾ?" ಎಂದರು ಭಾವ. ಕೇಬಲ್ಲಿನಲ್ಲಿ ಉಳಿಸಿದ್ದನ್ನು ನಾನು ಸೋಪಿನಲ್ಲಿ ಕರಗಿಸುತ್ತಿದ್ದೆ. ಬಟ್ಟೆಯ ಆಚೆ ಡಬ್ಬದ ಹತ್ತಿರ ಮಾತ್ರ ನಾನು ಹೋದವಳಲ್ಲ, ನೀರಿನ ಟ್ಯಾಂಕಿನ ಹಿಂದಿನ ಆ ಮೂಲೆ ಹಲ್ಲಿಗಳ ರಾಜ್ಯ ಎಂದು ನಿನಗೆ ಗೊತ್ತಲ್ಲ.

ಕೈ ನೋಯುತ್ತಿದೆ. ಇವತ್ತು ಎರಡು ಹೊದಿಕೆ ಹಿಂಡಿದ್ದೇನೆ.

ಶನಿವಾರ, ಸಂಜೆ

ಅಳಿಲೇ, ಇವತ್ತು ನಡೆದದ್ದನ್ನು ಒಂದೇ ಉಸಿರಿನಲ್ಲಿ ಬರೆಯುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಓದಿಕೋ.

ಬೆಳಿಗ್ಗೆ ಮೆಷಿನ್ ಮುಂದೆ ಕೂತಿದ್ದಾಗ ತಲೆಗೆ ಒಂದು ಕೆ‌ಟ್ಟ ಯೋಚನೆ ಬಂತು. ಡಬ್ಬದ ಕರೆಂಟ್ ನಾನೇ ತೆಗೆದರೆ? ಬೀದಿಯ ಟೀವಿಯೆಲ್ಲ ಕಪ್ಪಾಗುತ್ತದೆ, ಜನ ನಿನಗೆ ಫೋನ್ ಮಾಡುತ್ತಾರೆ, ನೀನು ಬರಲೇಬೇಕು. ಡಬ್ಬವನ್ನು ಬೇರೆಯವರಿಗೆ ಮುಟ್ಟಗೊಡುವವನಲ್ಲ ನೀನು. ಅಕ್ಕಪಕ್ಕದವರಿಗೆ ತೊಂದರೆ, ನಿನ್ನ ಹೆಸರಿಗೂ ಕೆಟ್ಟದ್ದು, ಎಲ್ಲ ಗೊತ್ತಿತ್ತು. ಆದರೂ ಕಾಲು ಮೆಟ್ಟಿಲು ಹತ್ತಿಬಿಟ್ಟಿತು.

ಹೊದಿಕೆ ಸರಿಸಿ, ಹಲ್ಲಿಗಳಿಗೆ ಹೆದರುತ್ತಾ ಟ್ಯಾಂಕಿನ ಹಿಂದೆ ಹೋದೆ. ನೋಡುತ್ತೇನೆ, ನಿನ್ನ ಡಬ್ಬಕ್ಕೆ ಒಂದು ಛಾವಣಿ! ಎಣ್ಣೆಯ ಪ್ಲಾಸ್ಟಿಕ್ ಕ್ಯಾನನ್ನು ಉದ್ದಕ್ಕೆ ಸೀಳಿ, ಮಳೆನೀರು ಆಚೆ ಬೀಳುವ ಹಾಗೆ ಓರೆಯಾಗಿ ಕಟ್ಟಿದೆ. ಕತ್ತರಿಸಿದ ಅಂಚು ಯಾರ ಕೈಯನ್ನೂ ಕೊಯ್ಯದಿರಲಿ ಎಂದು ಅದಕ್ಕೆ ಸುತ್ತ ಟೇಪು. ಗೋಡೆಯ ಪ್ಲಗ್ಗಿಗೆ ಹಾಕಿದ ಅಡಾಪ್ಟರ್ ಅಲುಗದ ಹಾಗೆ ಕಪ್ಪು ಟೇಪಿನಿಂದ ಬಿಗಿದು, ಮೇಲೆ ದಾರದಿಂದ ಎರಡೆರಡು ಗಂಟು. ಆ ಗಂಟನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಟಿಫಿನ್ ಬಾಕ್ಸಿಗೂ ಅದೇ ಗಂಟು ಹಾಕಿ, ಬಿಚ್ಚಲು ನನ್ನನ್ನು ಕರೆಯುವವರು ಈ ಮನೆಯಲ್ಲಿ ಒಬ್ಬರೇ.

ಹಲ್ಲಿಗಳು ಇದ್ದವೋ ಇಲ್ಲವೋ, ನಾನು ಅಲ್ಲೇ ಕೂತುಬಿಟ್ಟೆ.

ಕೆಳಗೆ ಭಾವ ಪೇಪರ್ ಓದುತ್ತಿದ್ದರು. "ಮೇಲೆ ಡಬ್ಬಕ್ಕೆ ಛಾವಣಿ ಹಾಕಿದ್ದು ಯಾರು?" ಅಂದೆ.

"ಯಾವ ಡಬ್ಬ?"

"ನಿಮಗೆ ಗೊತ್ತಿರೋ ಡಬ್ಬ."

ಒಂದು ಪುಟ ತಿರುವಿದರು. "ಆ್ಯಂಟೆನಾ ಕಟ್ಟೋವಾಗ ನೋಡ್ದೆ. ಅಡಾಪ್ಟರ್ ಸಡಿಲ ಇತ್ತು. ಒಂದು ಮಳೆ ಬಿದ್ರೆ ಬೀದಿಗೆಲ್ಲಾ ತೊಂದ್ರೆ. ಅವನಿಗೆ ಕಂಬ ಹತ್ತೋಕೆ ಬರುತ್ತೆ, ಒಂದು ಮುಚ್ಚಳ ಹಾಕೋಕೆ ಬರಲ್ಲ."

"ಇಡೀ ಮನೇಲಿ ಪ್ಲಗ್ ಕೀಳ್ತಾ ಓಡಾಡ್ತೀರಿ. ಅದನ್ಯಾಕೆ ಬಿಟ್ರಿ?"

"ಅದನ್ನ ಕಿತ್ರೆ ಅವನು ಡಬ್ಬ ಹೊತ್ಕೊಂಡು ಹೋಗ್ತಾನಲ್ಲ."

ಅಯ್ಯೋ, ನಾನು ಬೆಡ್‌ಶೀಟು ಸವೆಸಿದ್ದು ಇವರಿಗೆ ಹೆದರಿ! "ಅಷ್ಟಿದ್ದವರು ಕೇಬಲ್ ಯಾಕೆ ತೆಗೆಸಿದ್ರಿ?" ಎಂದು ಕೇಳಿದೆ. ದನಿ ಜೋರಾಗಿಯೇ ಇತ್ತು.

ಭಾವ ಪೇಪರ್ ಮಡಚಿ ಕೆಳಗಿಟ್ಟರು. "ದುಡ್ಡು ಉಳಿಸ್ಬೇಕಿತ್ತು, ಅದು ನಿಜ. ಇನ್ನೊಂದೂ ಇತ್ತು. ಮೂರು ವರ್ಷದಿಂದ ಬಾಗಿಲಲ್ಲಿ ನಿಂತು 'ಕೇಬಲ್, ಕೇಬಲ್' ಅಂತಾನೆ. ಪ್ರತಿ ಸಲಾನೂ ನನ್ನ ಕೆನ್ನೆಗೆ ಬಾರಿಸಿದ ಹಾಗಾಗುತ್ತೆ. ಮನೇಲಿ ಕೇಬಲ್ಲೇ ಇಲ್ದಿದ್ರೆ ಕೇಬಲ್ಲಿನವನಾಗಿ ಹೇಗೆ ಬರ್ತಾನೆ? ಬಂದ್ರೆ ನಿನ್ನ ತಮ್ಮನಾಗೇ ಬರ್ಬೇಕಲ್ಲ. ಹಾಗಂದ್ಕೊಂಡೆ."

"ಇದನ್ನ ಅವನಿಗೆ ಹೇಳಿದ್ರಾ?"

"ಇದನ್ನೂ ಹೇಳ್ಬೇಕಾ? ಅರ್ಥ ಮಾಡ್ಕೋಬಾರ್ದಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ನಕ್ಕೆ, ಆಮೇಲೆ ಅತ್ತೆ, ಅಳುತ್ತಲೇ ಬೈದೆ. "ಅಕ್ಕನ ಮನೇಲೂ ನನ್ನ ತಂತಿ ಬೇಡವಾಯ್ತು ಅಂತ ಅವನು ಕೊರಗ್ತಾ ಇರ್ತಾನೆ. ನೀವಿಲ್ಲಿ ಅವನು ಬರ್ತಾನೆ ಅಂತ ಕೂತಿದ್ದೀರಿ. ಒಂದು ಸಲ ಬಾಯಿಬಿಟ್ಟು ಮಾತಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಫೋನ್ ಮಾಡಿದ್ದೆ" ಎಂದರು ಮೆಲ್ಲಗೆ. "ಎರಡು ಸಲ."

"ಏನಂದ?"

"ಕಂಬದ ಮೇಲಿದ್ದೀನಿ ಅಂದ."

ನಿಜವೇನೋ? ಭಾವನೇ ಫೋನ್ ಮಾಡಿದಾಗಲೂ ಕಂಬವೇ? ನೀವಿಬ್ಬರೂ ಸೇರಿ ನನ್ನನ್ನು ಅತ್ತ ದರಿ, ಇತ್ತ ಪುಲಿ ಮಾಡಿ ಇಟ್ಟಿದ್ದೀರಿ. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿದೆ, ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ.

ಆಮೇಲೆ ನಾನು ಮೇಲೆ ಯಾಕೆ ಹೋಗಿದ್ದೆ ಎಂಬುದನ್ನು ಅವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿ ಹೇಳಿದರು: "ನಾಳೆ ಬೇಡ, ಮ್ಯಾಚ್ ಇದೆ. ಬೀದಿಯವರು ಸೇರಿ ನನ್ನನ್ನೇ ಕಂಬಕ್ಕೆ ಕಟ್ತಾರೆ. ಸೋಮವಾರ ಹನ್ನೊಂದು ಗಂಟೆಗೆ ತೆಗಿ, ಆಗ ಯಾರೂ ಅಷ್ಟಾಗಿ ನೋಡಲ್ಲ. ನಾನೂ ರಜೆ ಹಾಕ್ತೀನಿ."

ಅವರ ರಜೆಯೆಲ್ಲ ಮುಗಿದಿದೆ ಅಳಿಲೇ. ಸೋಮವಾರದ್ದು ಸಂಬಳ ಕಡಿತದ ರಜೆ. ಗೋಡೆಗೆ ಬೀಸುವ ಫ್ಯಾನನ್ನು ಆರಿಸುವ ಮನುಷ್ಯ ನಿನಗಾಗಿ ಒಂದು ದಿನದ ಸಂಬಳ ಬಿಡುತ್ತಿದ್ದಾರೆ. ತಪ್ಪಾಯ್ತು ಎಂಬ ಮಾತು ಆ ಬಾಯಲ್ಲಿ ಬರುತ್ತದೋ ಇಲ್ಲವೋ, ನಾನು ಭರವಸೆ ಕೊಡಲಾರೆ. ಬಾರದಿದ್ದರೆ ಇದನ್ನೇ ಹಾಗೆಂದುಕೊಂಡು ತೆಗೆದುಕೋ.

ಸೋಮವಾರ ಅಡಾಪ್ಟರ್ ತೆಗೆದು ಈ ಪತ್ರವನ್ನು ಡಬ್ಬದ ಛಾವಣಿಯ ಕೆಳಗೆ ಸಿಕ್ಕಿಸುತ್ತೇನೆ. ಅಂದರೆ ನೀನು ಇದನ್ನು ಓದುತ್ತಿರುವ ಈ ಹೊತ್ತಿಗೆ ಬೀದಿಯಲ್ಲಿ ಚಿತ್ರ ಹೋಗಿದೆ, ನೀನು ತಾರಸಿಯ ಮೇಲೆ ನಿಂತಿದ್ದೀಯ. ನಿನ್ನ ಡಬ್ಬದ ಅಡಾಪ್ಟರ್ ನನ್ನ ಹೊಲಿಗೆ ಮೆಷಿನ್ನಿನ ಖಾನೆಯಲ್ಲಿದೆ, ಕೆಳಗೆ ಬಂದು ತೆಗೆದುಕೋ. ನಿನ್ನ ಚೀಲದಲ್ಲಿ ಇನ್ನೊಂದು ಇದ್ದೇ ಇರುತ್ತದೆ, ನನಗೆ ಗೊತ್ತು. ನಾನು ಚಿಲ್ಲರೆ ಇಲ್ಲ ಎನ್ನುತ್ತಿದ್ದೆನಲ್ಲ, ಹಾಗೆ ನೀನೂ ಇಲ್ಲವೆಂದುಕೋ. ಹೊರಗಿನ ಮೆಟ್ಟಿಲಿಂದ ಇಳಿಯಬೇಡ. ಒಳಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿಲ್ಲ. ಪಾತ್ರೆಗಳ ಮುಚ್ಚಳವೂ ನೀನು ಎತ್ತಿ ನೋಡಲಿ ಎಂದೇ ಮುಚ್ಚಿವೆ.

ಈಗ ಕೇಳುತ್ತೇನೆ. ಹೇಗಿದ್ದೀಯೋ? ಬೀದಿಯಲ್ಲಿ ಒಬ್ಬೊಬ್ಬರೇ ತೆಗೆಸುತ್ತಿದ್ದಾರಂತೆ, ನಿನ್ನ ಜೊತೆಗಿದ್ದ ಕೆಲಸದವನೂ ಬಿಟ್ಟನಂತೆ, ಎಲ್ಲ ಕಂಬ ಈಗ ನೀನೊಬ್ಬನೇ ಹತ್ತುತ್ತೀಯಂತೆ. ಗಿಳಿ ಹೇಳುತ್ತಾಳೆ, "ಮಾಮ ನೆಟ್ ಲೈನ್ ಕೊಡೋಕೆ ಶುರು ಮಾಡಿದ್ರೆ ಇಡೀ ಬೀದಿ ಮತ್ತೆ ಅವರ ಕೈಗೇ ಬರುತ್ತೆ" ಎಂದು. ಅದರ ತಲೆಬುಡ ನನಗೆ ತಿಳಿಯದು. ಊಟಕ್ಕೆ ಕೂತಾಗ ಅವಳನ್ನೇ ಕೇಳು, ಬೇಡವೆಂದರೂ ಹೇಳುತ್ತಾಳೆ.

ನಿನ್ನ ಕಂಬಗಳು ಗಟ್ಟಿಯಾಗಿರಲಿ, ಏಣಿ ಜಾರದಿರಲಿ, ಯಾವ ತಂತಿಯೂ ನಿನ್ನನ್ನು ಕಚ್ಚದಿರಲಿ. ನೂರು ವರ್ಷ ಬಾಳು.

ನಿನ್ನ
ಅಕ್ಕ

ವಿ. ಸೂ.: ಇದನ್ನು ಬರೆಯಬಾರದೆಂದೇ ಇದ್ದೆ. ಬಾಕ್ಸ್ ತೆಗೆದುಕೊಂಡು ಹೋಗಲು ಬಂದ ದಿನ ನೀನು "ಕೇಬಲ್!" ಎಂದು ಕೂಗಲಿಲ್ಲ. ಬೆಲ್ ಒತ್ತಿದೆ. ನಾನು ಬಾಗಿಲು ತೆಗೆದರೆ, "ಬಾಕ್ಸು, ರಿಮೋಟು ಕೊಡಿ ಮೇಡಂ. ಇಲ್ಲೊಂದು ಸೈನ್ ಮಾಡಿ" ಎಂದೆ. ನಾನು ಸೈನ್ ಮಾಡಿದೆ. ಟೀ ಬೇಕೇ ಎಂದು ಕೇಳಲು ಬಾಯಿ ಬರಲಿಲ್ಲ. ಮೂರು ವರ್ಷ ನೀನು ಕೂಗಿದ "ಕೇಬಲ್" ಭಾವನಿಗೆ, ನನಗಲ್ಲ ಎಂದು ತಿಳಿದಿದ್ದೆ. ಟೀ ಲೋಟ ವಾಪಸು ಕೊಡುವಾಗ ಮೆಲ್ಲಗೆ "ಬರ್ತೀನಕ್ಕಾ" ಎನ್ನುತ್ತಿದ್ದೆಯಲ್ಲ, ಅದು ನನಗೆ ಮುಂದಿನ ತಿಂಗಳ ತನಕ ಸಾಕಾಗುತ್ತಿತ್ತು. ಅಮ್ಮ ಹೋದ ಮೇಲೆ ನಾನು ಯಾರಿಗಾದರೂ ಅಕ್ಕ ಎಂದರೆ ನಿನ್ನೊಬ್ಬನಿಗೇ. ಹೊಲಿಸಿಕೊಳ್ಳಲು ಬರುವವರೆಲ್ಲ ನನ್ನನ್ನು ಮೇಡಂ ಎನ್ನುತ್ತಾರೆ, ಆ ದಿನದಿಂದ ಪ್ರತಿ ಸಲವೂ ಸೂಜಿ ಬೆರಳಿಗೆ ಚುಚ್ಚಿಕೊಳ್ಳುತ್ತೇನೆ. ಒಳಮೆಟ್ಟಿಲು ಇಳಿಯುವಾಗ ಒಂದು ಸಲ ಅಕ್ಕಾ ಎಂದು ಕೂಗು. ಮೆಲ್ಲಗೆ ಬೇಡ, ಜೋರಾಗಿ ಕೂಗು. ಬೀದಿಯಲ್ಲಿ ಒಂದು ಟೀವಿಯೂ ಓಡುತ್ತಿಲ್ಲ, ಎಲ್ಲರಿಗೂ ಕೇಳಿಸಲಿ.